ಅಳಿಲಿಗೆ ಹಲ್ಲು, ಮಂಗನಿಗೆ ಕೈ

ಜಮಖಂಡಿ, ಮುಧೋಳ ಸೀಮೆಯಲ್ಲಿ ಹೊಲದ ಬದುವಿನ ಹುಣಸೆ ಮರಕ್ಕೆ ಪಾಲುದಾರರು ಇಬ್ಬರು. ಒಂದು, ನೂರು ಗ್ರಾಂ ಆಸುಪಾಸಿನ ಅಳಿಲು. ಇನ್ನೊಂದು, ಗಂಡಾದರೆ ಆರೇಳು ಕಿಲೋ ತೂಗುವ ಮಂಗ. ಪುಸ್ತಕಗಳಲ್ಲಿ ಅದರ ಹೆಸರು ಬಾನೆಟ್ ಮಕಾಕ್. ಕಸುಬು ಒಂದೇ, ಆಯುಧ ಬೇರೆ ಬೇರೆ.

ಅಳಿಲು ಮರವನ್ನು ಅಪ್ಪಿ ಹಿಡಿಯಬೇಕಾಗಿಲ್ಲ. ಕಾಂಡ ಎಷ್ಟೇ ದಪ್ಪವಿರಲಿ, ಚೂಪಾದ ಉಗುರು ತೊಗಟೆಗೆ ನಾಟಿದರೆ ಸಾಕು. ಇಳಿಯುವಾಗ ಹಿಂಗಾಲಿನ ಪಾದವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಅದರಿಂದಲೇ ಜೋತುಬಿದ್ದು, ತಲೆ ಕೆಳಗಾಗಿ ಓಡುತ್ತದೆ. ಮಂಗನ ಉಗುರು ನಮ್ಮದರ ಹಾಗೆ ಚಪ್ಪಟೆ. ಅದರ ಹಿಡಿತವೆಲ್ಲ ಬೆರಳಿನದು. ಅಳಿಲಿಗೆ ಹೆಬ್ಬೆರಳು ಹೆಸರಿಗಷ್ಟೇ ಇದೆ. ಹಾಗಾಗಿ ಶೇಂಗಾ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತದೆ. ಮಂಗ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದರಿಂದ ಮತ್ತೊಂದಕ್ಕೆ ಕೈ ಹಾಕುತ್ತದೆ.

ಗಟ್ಟಿ ಬೀಜ ಸಿಕ್ಕಾಗ ನಿಜವಾದ ವ್ಯತ್ಯಾಸ ಕಾಣುತ್ತದೆ. ಅಳಿಲಿನ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಮುಂಭಾಗಕ್ಕೆ ಗಟ್ಟಿ ಎನಾಮಲ್, ಹಿಂಭಾಗಕ್ಕೆ ಮೆತ್ತಗಿನ ಡೆಂಟಿನ್. ಹಿಂಭಾಗ ಬೇಗ ಸವೆಯುವುದರಿಂದ ತುದಿ ಬಡಗಿಯ ಉಳಿಯಂತೆ ಹರಿತವಾಗಿಯೇ ಇರುತ್ತದೆ. ಕಡಿಯದೆ ಸುಮ್ಮನಿದ್ದರೆ ಅದಕ್ಕೇ ತೊಂದರೆ.

ಮಂಗನಿಗೆ ಈ ಸವಲತ್ತಿಲ್ಲ. ಹಾಲುಹಲ್ಲು ಉದುರಿ ಬಂದದ್ದೇ ಕೊನೆಯ ಹಲ್ಲು, ಅದನ್ನು ಕಾಪಾಡಿಕೊಳ್ಳಬೇಕು. ಬ್ರೆಜಿಲಿನ ಕಪುಚಿನ್ ಮಂಗಗಳು ಇದಕ್ಕೆ ಕಲ್ಲು ಹಿಡಿದವು. ಅಲ್ಲಿನ ಸೆರಾ ದ ಕಪಿವಾರ ರಾಷ್ಟ್ರೀಯ ಉದ್ಯಾನದಲ್ಲಿ ಅವು ಗೋಡಂಬಿಯನ್ನು ಬಂಡೆಯ ಮೇಲಿಟ್ಟು ಕಲ್ಲಿನಿಂದ ಜಜ್ಜುತ್ತವೆ (ನಮ್ಮ ಗೋಡಂಬಿಯ ತವರೂ ಅದೇ ದೇಶ). ನೆಲ ಅಗೆದು ನೋಡಿದಾಗ ಸುಮಾರು 3,000 ವರ್ಷ ಹಳೆಯ ಜಜ್ಜುಗಲ್ಲುಗಳು ಸಿಕ್ಕಿದ್ದು 2019ರಲ್ಲಿ ಪ್ರಕಟವಾಯಿತು.

ನಮ್ಮ ಮಂಗ ಕಲ್ಲಿನ ಗೊಡವೆಗೆ ಹೋಗಲಿಲ್ಲ. ಕಪುಚಿನ್‌ಗೂ ಅಳಿಲಿಗೂ ಇಲ್ಲದ ಕೆನ್ನೆಚೀಲ ಅದಕ್ಕಿದೆ. ಗೋವಿನಜೋಳದ ಹೊಲಕ್ಕೆ ನುಗ್ಗಿ, ಕಾವಲುಗಾರ ಕೂಗುವಷ್ಟರಲ್ಲಿ ಕೆನ್ನೆ ತುಂಬಿಕೊಂಡು, ಮರವೇರಿ ನಿಧಾನಕ್ಕೆ ಅಗಿಯುತ್ತದೆ. 'ಮಂಗ್ಯಾ ತಿನ್ನೂದಕ್ಕಿಂತ ಕೆಡಸೂದ ಹೆಚ್ಚು' ಎಂಬ ರೈತರ ದೂರು ಸುಳ್ಳಲ್ಲ, ಆದರೆ ಅದು ಬರೀ ಕಿಡಿಗೇಡಿತನವೂ ಅಲ್ಲ. ಬಯಲಲ್ಲಿ ಹೆಚ್ಚು ಹೊತ್ತು ನಿಂತರೆ ಜೀವಕ್ಕೇ ಅಪಾಯ; ಆ ಅವಸರದಲ್ಲಿ ಅರ್ಧ ತಿಂದದ್ದು ನೆಲಕ್ಕೆ ಬೀಳುತ್ತದೆ.

ಕೈಗೆ ಇನ್ನೊಂದು ಕೆಲಸವನ್ನು ನಾವೇ ಕಲಿಸಿದ್ದೇವೆ. ಬಂಡೀಪುರದ ಮಂಗಗಳು 'ಕೂ' ಎಂದು ಕೂಗಿ, ಕೈಚಾಚಿ ಪ್ರವಾಸಿಗರಲ್ಲಿ ತಿನಿಸು ಬೇಡುವುದನ್ನು 2018ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ಗುಡಿಯ ಮುಂದೆ ಬಾಳೆಹಣ್ಣು ಕೊಟ್ಟು ರೂಢಿ ಮಾಡಿಸುವವರು ನಾವು, ಆಮೇಲೆ ಹೊಲಕ್ಕೆ ಬಂದರೆ ಕೋಲು ಹಿಡಿಯುವವರೂ ನಾವೇ.

ಅಳಿಲಿನದು ಬೇರೆಯೇ ಒಂದು ಲೆಕ್ಕವಿದೆ. ದಕ್ಷಿಣ ಭಾರತದ್ದಕ್ಕೆ ಬೆನ್ನ ಮೇಲೆ ಮೂರು ಪಟ್ಟೆ, ಉತ್ತರದ್ದಕ್ಕೆ ಐದು. ಬೀಳಗಿಯಲ್ಲೋ ರಬಕವಿ-ಬನಹಟ್ಟಿಯಲ್ಲೋ ನಿಮ್ಮ ಮನೆಯ ಕಾಂಪೌಂಡ್ ಮೇಲೆ ಓಡುವ ಅಳಿಲಿಗೆ ಎಷ್ಟಿವೆ, ಒಮ್ಮೆ ಎಣಿಸಿ ನೋಡಿ.