ಎಲ್‌ಇಡಿಗೆ ರೆಸಿಸ್ಟರ್ ಯಾಕೆ ಬೇಕು?

ಪ್ರಶ್ನೆ: 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ರೆಸಿಸ್ಟರ್ ಹಾಕಿದರೆ ಉಳಿಯುವುದು ಹೇಗೆ?

ಉತ್ತರ: ಕೆಂಪು ಎಲ್‌ಇಡಿ ಬೆಳಗಲು ಸುಮಾರು 2 ವೋಲ್ಟ್ ಸಾಕು. ಅದರಾಚೆ ವೋಲ್ಟೇಜ್ ತುಸು ಏರಿದರೂ ಕರೆಂಟು ವಿಪರೀತ ಏರುತ್ತದೆ; ಎಲ್‌ಇಡಿ ಓಮ್‌ನ ನಿಯಮವನ್ನು ಪಾಲಿಸುವುದಿಲ್ಲ. ರೆಸಿಸ್ಟರ್ ಪಾಲಿಸುತ್ತದೆ. ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ಆ ನಿಯಮದಂತೆ, ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು. ಎಲ್‌ಇಡಿ, ರೆಸಿಸ್ಟರ್ ಎರಡನ್ನೂ ಸರಣಿಯಲ್ಲಿ ಜೋಡಿಸಿದಾಗ ಮಿಕ್ಕ 7 ವೋಲ್ಟ್ ರೆಸಿಸ್ಟರಿನ ಪಾಲು. 470 ಓಮ್‌ನದು ಹಾಕಿದರೆ 7 ÷ 470, ಅಂದರೆ ಸುಮಾರು 15 ಮಿಲಿಆಂಪಿಯರ್. ಸರಣಿಯಲ್ಲಿ ಕರೆಂಟು ಎಲ್ಲೆಡೆ ಒಂದೇ, ಹಾಗಾಗಿ ಎಲ್‌ಇಡಿಗೂ ಅಷ್ಟೇ. ರೆಸಿಸ್ಟರನ್ನು ಎಲ್‌ಇಡಿಯ ಯಾವ ಕಾಲಿಗೆ ಜೋಡಿಸಿದರೂ ಸರಿಯೇ (ಅನೇಕರು ಇದನ್ನು ನಂಬುವುದಿಲ್ಲ, ಮಾಡಿ ನೋಡಿ). ಅಂಗಡಿಯಲ್ಲಿ 470 ಓಮ್‌ನ ಗುರುತಾದ ಹಳದಿ, ನೇರಳೆ, ಕಂದು ಪಟ್ಟೆಯದನ್ನು ಕೇಳಿ. ಕಾಲು ವ್ಯಾಟಿನದು ಸಾಕು.