ಗಲ್ಲದ ಕೂದಲಿಗೆ ಲೇಸರ್: ಮೊದಲು ಕಾರಣ ತಿಳಿಯಿರಿ

ಮುಂಬೈನ ವಿಕ್ರೋಳಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತುವ ಹೆಣ್ಣುಮಕ್ಕಳಲ್ಲಿ ಗಲ್ಲದ ಕೂದಲನ್ನು ದುಪಟ್ಟಾದ ಅಂಚಿನಲ್ಲಿ ಮರೆಸಿಕೊಳ್ಳುವವರೂ ಇರುತ್ತಾರೆ. ವಾರವಾರವೂ ಥ್ರೆಡಿಂಗ್ ಮಾಡಿಸಿ ದಣಿದವರಿಗೆ ಲೇಸರ್ ಬಿಡುಗಡೆಯಂತೆ ಕಾಣುವುದು ಸಹಜ. ಅದು ಉಪಯುಕ್ತ ಚಿಕಿತ್ಸೆಯೇ. ಆದರೆ ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ ಕೂದಲು ಯಾಕೆ ಬಂತೆಂದು ಕೇಳಲೇಬೇಕು. ಗಲ್ಲ, ಮೇಲ್ದುಟಿ, ಎದೆಯ ಮೇಲೆ ಗಂಡಸರಂತೆ ದಪ್ಪ ಕೂದಲು ಬೆಳೆಯುವುದಕ್ಕೆ ಬಹುಪಾಲು ಮಹಿಳೆಯರಲ್ಲಿ ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಕಾರಣ. ಮುಟ್ಟಿನ ಏರುಪೇರು, ಬಂಜೆತನ, ಮಧುಮೇಹ ಇದರ ಬೆನ್ನಿಗೇ ಬರಬಹುದು. ಈ ತೊಂದರೆಯಿರುವವರಲ್ಲಿ ಶೇ. 70ರವರೆಗಿನ ಮಂದಿಗೆ ಅದು ಪತ್ತೆಯೇ ಆಗಿರುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರ ಪಾಲಿಗೆ ಗಲ್ಲದ ಕೂದಲೇ ಮೊದಲ ಸುಳಿವಾಗಿರಬಹುದು.

ಲೇಸರ್ ಆ ಸುಳಿವನ್ನು ಅಳಿಸುತ್ತದೆ, ಕಾರಣವನ್ನಲ್ಲ. ಅಮೆರಿಕದ ವಿಜ್ಞಾನಿಗಳಾದ ಆಂಡರ್ಸನ್ ಮತ್ತು ಪ್ಯಾರಿಷ್ 1983ರಲ್ಲಿ ಮಂಡಿಸಿದ ಸರಳ ತತ್ವವೇ ಇದಕ್ಕೆ ಆಧಾರ: ಕೂದಲಿನ ಕಪ್ಪು ವರ್ಣದ್ರವ್ಯ ಬೆಳಕನ್ನು ಹೀರಿ ಕಾಯುತ್ತದೆ, ಆ ಬಿಸಿಗೆ ಬುಡ ಬೇಯುತ್ತದೆ. ರಬ್ಬರ್ ಬ್ಯಾಂಡ್ ಚಟ್ಟೆಂದು ಬಡಿದಂಥ ಚುರುಕು, ಸುಟ್ಟ ಕೂದಲಿನ ವಾಸನೆ, ಅಷ್ಟೇ. ಬೆಳೆಯುವ ಹಂತದ ಕೂದಲಿಗೆ ಮಾತ್ರ ಇದು ತಾಗುವುದರಿಂದ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕು. ನಮ್ಮ ಗೋಧಿ, ಎಣ್ಣೆಗಪ್ಪು ಚರ್ಮದಲ್ಲೂ ಅದೇ ವರ್ಣದ್ರವ್ಯವಿದೆ. ಯಂತ್ರದ ಆಯ್ಕೆ ತಪ್ಪಿದರೆ ಚರ್ಮವೇ ಸುಟ್ಟು ಕಲೆ ಉಳಿಯುತ್ತದೆ. ಆಳಕ್ಕಿಳಿಯುವ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಇಂಥ ಚರ್ಮಕ್ಕೆ ಹೆಚ್ಚು ಸುರಕ್ಷಿತ. ಯಂತ್ರ ಸರಿಯಿದ್ದರೂ ಹಾರ್ಮೋನು ಹತೋಟಿಗೆ ಬರದಿದ್ದರೆ ಹೊಸ ಕೂದಲು ಮತ್ತೆ ಹುಟ್ಟುತ್ತದೆ.

‘ಇದು ನಮ್ಮ ವಂಶದಲ್ಲೇ ಇದೆ’ ಎನ್ನುವವರಿದ್ದಾರೆ. ಕೆಲವರಲ್ಲಿ ಅದು ನಿಜ, ಆದರೆ ತಪಾಸಣೆಯಾಗದೆ ಹಾಗೆಂದು ತೀರ್ಮಾನಿಸುವುದು ಹೇಗೆ? ಹಾಗಾದರೆ ಹಾರ್ಮೋನನ್ನು ಹತೋಟಿಗೆ ತರುವ ಮಾತ್ರೆಯೇ ಸಾಕಲ್ಲವೇ ಎಂದೂ ಕೇಳಬಹುದು. ಸಾಲದು. ಮಾತ್ರೆಯ ಫಲ ಕಾಣಲು ಆರು ತಿಂಗಳು ಬೇಕು, ಆಗಲೇ ದಪ್ಪಗಾದ ಕೂದಲು ಅದರಿಂದ ಉದುರುವುದಿಲ್ಲ. ಎರಡೂ ಜೊತೆಯಾಗಿ ನಡೆಯಬೇಕು. ಇದೆಲ್ಲ ಬರೀ ಶೋಕಿ ಎನ್ನುವವರು ದಿನವೂ ಕನ್ನಡಿಯೆದುರು ಕುಗ್ಗುವ ಹುಡುಗಿಯ ಸಂಕಟವನ್ನು ಅರಿತವರಲ್ಲ.

ಮುಟ್ಟು ಸರಿಯಿದೆಯೇ ಎಂದು ಮಗಳನ್ನು ಕೇಳಲು ಕಾಸು ಬೇಡ. ಏರುಪೇರಿದ್ದರೆ ಪಕ್ಕದ ಘಾಟ್ಕೋಪರಿನಲ್ಲಿ ಮಹಾನಗರಪಾಲಿಕೆಯ ರಾಜಾವಾಡಿ ಆಸ್ಪತ್ರೆಯಿದೆ. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ಧ್ವನಿಯೂ ಗಡುಸಾದರೆ ಗೆಡ್ಡೆಯ ಶಂಕೆಯಿರುತ್ತದೆ. ಆಗ ಒಂದು ದಿನವೂ ತಡಮಾಡಬೇಡಿ.