ಸೇಬಿನ ಗಾಣ ಮತ್ತು ಮೂರನೇ ದಿನದ ಬಾಟಲಿ

ಊರಿಗೆ ವಾಪಸ್ ಹೊರಟ ಇಂಜಿನಿಯರ್ ಒಬ್ಬರು ಮೆಸಯೀದ್‌ನ ನಮ್ಮ ರೂಮಿಗೆ ಒಂದು ಹಳೇ ಹಣ್ಣಿನ ಪ್ರೆಸ್ ಕೊಟ್ಟುಹೋದರು. ಮರದ ಪಟ್ಟಿಗಳ ಬುಟ್ಟಿ, ನಡುವೆ ಕಬ್ಬಿಣದ ಸ್ಕ್ರೂ, ಮೇಲೆ ತಿರುಗಿಸೋ ಹಿಡಿ. ಸಿದ್ದಾಪುರ ಕಡೆಯ ನಮ್ಮ ಗೆಳೆಯ ನೋಡಿದವನೇ, "ಇದು ಕೈಗಾಣ ಮಾರಾಯ್ರೆ, ಕೋಣ ಒಂದು ಇಲ್ಲ ಅಷ್ಟೇ" ಅಂದ.

ಶುಕ್ರವಾರ ರಜೆ. ಐದು ಕಿಲೋ ಸೇಬು ತಂದೆವು. ತೊಳೆದು, ಕೊಳೆತದ್ದು ತೆಗೆದು, ಹೆಚ್ಚಿ, ಮಿಕ್ಸಿಯಲ್ಲಿ ತರಿತರಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ಬುಟ್ಟಿಗೆ ಇಟ್ಟೆವು. ಅವಸರದಲ್ಲಿ ತಿರುಗಿಸಿದರೆ ಬಟ್ಟೆ ಹರೀತದೆ. ಅರ್ಧ ಸುತ್ತು, ಸ್ವಲ್ಪ ಬಿಡುವು, ಮತ್ತೆ ಅರ್ಧ ಸುತ್ತು. ಮೂರು ಲೀಟರ್ ಚಿಲ್ಲರೆ ರಸ ಬಂತು. ಲೆಕ್ಕ ಹಾಕಿದರೆ ಅಂಗಡಿ ಜ್ಯೂಸೇ ಅಗ್ಗ, ಅದು ಬೇರೆ ಮಾತು. ಆ ರುಚಿ ಡಬ್ಬಿಯಲ್ಲಿ ಬರೋದಿಲ್ಲ.

ತಪ್ಪಿದ್ದು ಆಮೇಲೆ. ಒಂದು ಬಾಟಲಿ ಅಡುಗೆಮನೆ ಶೆಲ್ಫಿನಲ್ಲೇ ಮರೆತುಹೋಯ್ತು. ಮೂರನೇ ದಿನ ಡ್ಯೂಟಿ ಮುಗಿಸಿ ಬಂದು ನೋಡಿದರೆ ಬಾಟಲಿ ಉಬ್ಬಿದೆ, ಮುಚ್ಚಳ ತೆಗೆದರೆ ಬುಸ್ ಅಂತ ನೊರೆ, ಹೆಂಡದ ವಾಸನೆ. ಒಬ್ಬ "ರುಚಿ ನೋಡೋಣ" ಅಂದ. ನಾವು ಸಿಂಕಿಗೆ ಸುರಿದೆವು.

ಸೇಬಿನ ಸಿಪ್ಪೆ ಮೇಲೇ ಯೀಸ್ಟ್ ಇರ್ತದೆ. ರಸದಲ್ಲಿ ನೂರಕ್ಕೆ ಹತ್ತು ಪಾಲಿನಷ್ಟು ಸಕ್ಕರೆ. ಯೀಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡ್ತದೆ. ಇಲ್ಲಿನ ಸೆಖೆಯಲ್ಲಿ ಬಲು ಬೇಗ. ಪೂರ್ತಿ ಹುಳಿತರೆ ಬಿಯರಿನಷ್ಟೇ ಗಟ್ಟಿ. ವಿಡಿಯೋ ನೋಡಿ ಮಾಡೋರಿಗೆ ಇನ್ನೊಂದು ಗೊಂದಲ: ಅಮೆರಿಕದಲ್ಲಿ ಸೈಡರ್ ಅಂದರೆ ಸಾಮಾನ್ಯವಾಗಿ ಬರೀ ಹಸಿ ರಸ, ಇಂಗ್ಲೆಂಡಿನಲ್ಲಿ ಅದೇ ಹೆಸರು ಮದ್ಯಕ್ಕೆ. ಕತಾರಿನಲ್ಲಿ ಮನೆಯಲ್ಲಿ ಮದ್ಯ ತಯಾರಿಸೋದು ಅಪರಾಧ. ಜೈಲು, ದಂಡ ಎರಡೂ ಇದೆ, ಊರಿಗೆ ಗಡೀಪಾರೂ ಆಗಬಹುದು. "ಮರೆತು ಇಟ್ಟಿದ್ದೆ ಸಾರ್" ಅಂದರೆ ಯಾರು ನಂಬ್ತಾರೆ? ರೂಮಿನಲ್ಲಿ ಆರು ಜನ ಇದ್ದೇವೆ, ಆರು ಮನೆಗೆ ಇಲ್ಲಿಂದಲೇ ದುಡ್ಡು ಹೋಗಬೇಕು.

ಆಲೆಮನೆಯಲ್ಲಿ ಇದು ಗೊತ್ತಿದ್ದ ವಿಷಯವೇ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ನೆಂಟರು ಅಲ್ಲೇ ಲಿಂಬೆ, ಶುಂಠಿ ಹಾಕಿ ಕುಡೀತಾರೆ. ಉಳಿದದ್ದು ತಡಮಾಡದೆ ಕೊಪ್ಪರಿಗೆಗೆ, ಬೆಂಕಿಗೆ. ನಿನ್ನೆಯ ಹಾಲಿಗೆ ಬೆಲ್ಲ ಸರಿ ಕಟ್ಟೋದಿಲ್ಲ.

ಈಗ ನಾವೂ ಹಾಗೇ. ಹಿಂಡಿದ ರಸ ಕೂಡಲೇ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಆರಿಸಿ, ಫ್ರಿಜ್ಜಿಗೆ. ಎರಡು ದಿನದಲ್ಲಿ ಖಾಲಿ. ಸ್ಕ್ರೂವಿನ ತುಕ್ಕು ತಾಗಿದರೆ ರಸ ಕಪ್ಪಾಗ್ತದೆ, ಅದಕ್ಕೇ ಉಜ್ಜಿ ಒಣಗಿಸಿ ಇಡ್ತೇವೆ. ಬಾಟಲಿ ಮೇಲೆ ತಾರೀಖು ಬರೆಯೋ ಕೆಲಸ ಮಾತ್ರ, ಅಕೌಂಟೆಂಟ್ ಅಂತ ನಮ್ಮ ತಲೆಗೇ ಬಂದಿದೆ.